ಒಂದೇ ಮೊಟ್ಟೆ, ಎರಡು ಬದುಕು: ಜೇನುಪೆಟ್ಟಿಗೆಯಲ್ಲಿ ಕಂಡ ಕ್ರೊಮ್ಯಾಟಿನ್

(ದೃಶ್ಯ: ಭಾಗಮಂಡಲದ ಬಳಿಯ ಕಾಫಿ ತೋಟ. ಕಾಫಿ ಹೂವರಳಿಸುವ ಹೂಮಳೆಯಾಗಿ ಒಂಬತ್ತು ದಿನ. ರೋಬಸ್ಟಾ ಗಿಡಗಳೆಲ್ಲ ಬೆಳ್ಳಗೆ. ತುಡುವೆ ಜೇನಿನ ಪೆಟ್ಟಿಗೆ ತೆರೆಯುತ್ತದೆ.)

ಎರಿಯ ಅಂಚಿನಿಂದ ನೆಲಗಡಲೆಯಂತೆ ಜೋತುಬಿದ್ದಿರುವ ಈ ಕೋಣೆ ನೋಡಿ. ಇದರೊಳಗೆ ರಾಣಿ ಬೆಳೆಯುತ್ತಿದ್ದಾಳೆ. ಪಕ್ಕದ ಆರು ಮೂಲೆಯ ಕೋಣೆಗಳಲ್ಲಿ ಅವಳ ತಂಗಿಯರು, ಮುಂದೆ ಕೆಲಸಗಾರ್ತಿಯರಾಗುವವರು. ರಾಣಿ ವರ್ಷಗಟ್ಟಲೆ ಬದುಕಿ ಮೊಟ್ಟೆಯಿಡುತ್ತಾಳೆ; ಹೂವಿನ ಕಾಲದಲ್ಲಿ ದುಡಿಯುವ ಕೆಲಸಗಾರ್ತಿ ಕೆಲವೇ ವಾರಗಳಲ್ಲಿ ಸಾಯುತ್ತಾಳೆ. ಆದರೂ ರಾಣಿಯಾಗಲು ಬೇರೆ ಜೀನ್ ಬೇಕಿಲ್ಲ, ಯಾವ ಹೆಣ್ಣು ಮೊಟ್ಟೆಯಾದರೂ ಸಾಕು. ಯಾವ ಜೀನ್ ತೆರೆದಿದೆ, ಯಾವುದು ಮುಚ್ಚಿದೆ ಎಂಬುದೇ ಬದುಕನ್ನು ಬೇರೆ ಮಾಡುತ್ತದೆ.

(ಚಿತ್ರ: ಹಿಸ್ಟೋನ್ ಉಂಡೆಗೆ ಸುತ್ತಿಕೊಳ್ಳುವ ಡಿಎನ್‌ಎ ಎಳೆ.)

ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಡಿಎನ್‌ಎ ಇದೆ. ಕಣ್ಣಿಗೆ ಕಾಣದಷ್ಟು ಪುಟ್ಟ ಕೋಶಕೇಂದ್ರದಲ್ಲಿ ಅದು ಹಿಡಿಸಬೇಕು. ಅದಕ್ಕಾಗಿ ಎಂಟು ಹಿಸ್ಟೋನ್ ಪ್ರೋಟೀನುಗಳ ಉಂಡೆಗೆ 147 ಅಕ್ಷರಜೋಡಿಗಳಷ್ಟು (ಬೇಸ್ ಜೋಡಿ) ಎಳೆ ಸುತ್ತಿಕೊಳ್ಳುತ್ತದೆ, ಕೊಡವರ ಉದ್ದ ನಿಲುವಂಗಿ ಕುಪ್ಯದ ಮೇಲೆ ಸೊಂಟಕ್ಕೆ ಚೇಲೆ ಎಂಬ ರೇಷ್ಮೆ ಪಟ್ಟಿ ಕಟ್ಟಿದ ಹಾಗೆ. ಆದರೆ ಇಲ್ಲಿ ಎರಡು ಸುತ್ತು ಪೂರ್ತಿಯಾಗುವುದಿಲ್ಲ. ಇಂಥ ಉಂಡೆಗಳ ಸಾಲೇ ಕ್ರೊಮ್ಯಾಟಿನ್. ಬಿಗಿದ ಸುತ್ತುಗಳ ನಡುವೆ ಸಿಕ್ಕ ಜೀನನ್ನು, ಅದನ್ನು ಓದಬೇಕಾದ ಪ್ರೋಟೀನುಗಳು ಸುಲಭವಾಗಿ ಮುಟ್ಟಲಾರವು.

ಬಿಗಿ ಸಡಿಲವಾಗುವುದು ಹೇಗೆ? ಡಿಎನ್‌ಎಯದು ಋಣ ವಿದ್ಯುದಂಶ, ಹಿಸ್ಟೋನಿನಿಂದ ಹೊರಚಾಚಿದ ಬಾಲದ್ದು ಧನ; ಅದರಿಂದಲೇ ಅವು ಅಂಟಿಕೊಳ್ಳುತ್ತವೆ. ಬಾಲಕ್ಕೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಸೇರಿದರೆ ಧನಾಂಶ ತಗ್ಗಿ ಹಿಡಿತ ಸಡಿಲುತ್ತದೆ. ಇದಕ್ಕೂ ಜೀನ್ ಚುರುಕಾಗುವುದಕ್ಕೂ ನಂಟಿದೆ ಎಂದು ವಿಜ್ಞಾನಿ ವಿನ್ಸೆಂಟ್ ಆಲ್‌ಫ್ರಿ ಮತ್ತು ಸಂಗಡಿಗರು 1964ರಲ್ಲೇ ಸೂಚಿಸಿದ್ದರು.

(ದೃಶ್ಯ: ಮರಿಹುಳುಗಳಿರುವ ಎರಿ, ಹತ್ತಿರದಿಂದ.)

ಡಿಎನ್‌ಎಯ ಮೇಲೂ ಗುರುತು ಬೀಳುತ್ತದೆ. 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಯುರೋಪಿನ ಜೇನಿನ ಎಳೆಯ ಮರಿಹುಳುಗಳಲ್ಲಿ, ಮೀಥೈಲ್ ಎಂಬ ರಾಸಾಯನಿಕ ಗುರುತು ಹಾಕುವ ಒಂದು ಕಿಣ್ವದ ಜೀನನ್ನು ಸುಮ್ಮನಾಗಿಸಿದರು. ಹೆಚ್ಚಿನವು ರಾಣಿಯರಾಗಿಯೇ ಹೊರಬಂದವು! ಈ ಪ್ರಯೋಗವನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ರಾಣಿಯಾಗುವ ಮರಿಗೆ ಉಣಿಸುವ ರಾಯಲ್ ಜೆಲ್ಲಿಯಲ್ಲಿರುವ ಒಂದು ಕೊಬ್ಬಿನ ಆಮ್ಲವೂ ಅಸಿಟೈಲ್ ಕೀಳುವ ಕಿಣ್ವಗಳನ್ನು ತಡೆಯಬಲ್ಲದು. ಹಾಗೆಂದು ಅದೊಂದೇ ರಾಣಿಯನ್ನು ಮಾಡುತ್ತದೆ ಎನ್ನುವವರನ್ನು ನಂಬಬೇಡಿ. ಉಣಿಸಿನ ಪ್ರಮಾಣ, ಸಕ್ಕರೆ, ಹಾರ್ಮೋನು ಎಲ್ಲವೂ ಇದರಲ್ಲಿ ಸೇರಿವೆ.

2018ರ ಅಧ್ಯಯನವೊಂದರಲ್ಲಿ, ನಾಲ್ಕು ದಿನದ ಮರಿಹುಳುಗಳಲ್ಲೇ ರಾಣಿಯ ಮತ್ತು ಕೆಲಸಗಾರ್ತಿಯ ಕ್ರೊಮ್ಯಾಟಿನ್ ಗುರುತುಗಳು ಬೇರೆಯಾಗಿದ್ದವು. ಬಲಿತ ಮರಿ ಇನ್ನು ರಾಣಿಯಾಗಲಾರದು ಎಂಬ ಈ ಗಡುವು ಜೇನು ಸಾಕುವವರಿಗೆ ಅನುಭವದಿಂದ ಗೊತ್ತು. ಪೆಟ್ಟಿಗೆಯಲ್ಲಿ ರಾಣಿ ಸತ್ತರೆ ಅವರು ಪಕ್ಕದ ಪೆಟ್ಟಿಗೆಯಿಂದ ಮೊಟ್ಟೆ ಮತ್ತು ತೀರಾ ಎಳೆಯ ಮರಿಗಳಿರುವ ಎರಿಯನ್ನೇ ಹುಡುಕಿ ತರುತ್ತಾರೆ. ಬಲಿತ ಮರಿಗಳ ಎರಿ ಕೊಟ್ಟರೆ ರಾಣಿ ಹುಟ್ಟುವುದಿಲ್ಲ.