ಆರು ಫಿಟ್‌ನೆಸ್ ಆ್ಯಪ್, ಒಬ್ಬಳು ಸೋಮಾರಿ, ಜೊತೆಗೆ ಅಮ್ಮ

ಈ ಕ್ಲಿಪ್‌ನಲ್ಲಿ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿರುವವಳು ನಾನೇ. ಜಾಗ ಚಾಮುಂಡಿ ಬೆಟ್ಟದ ಮೆಟ್ಟಿಲು. ಆಷಾಢ ಶುಕ್ರವಾರ, ಬೆಳಗಿನ ಜಾವ. ದೊಡ್ಡ ನಂದಿ ಇನ್ನೂ ಸಿಕ್ಕಿಲ್ಲ. ಮೇಲೆ ಹಸಿರು ಸೀರೆಯಲ್ಲಿ ತಿರುಗಿ ನೋಡುತ್ತಿರುವವರು ನಮ್ಮಮ್ಮ. ಅವರಿಗೆ 63, ನನಗೆ 35. "ಬಾರೇ, ಕೂತರೆ ಕಾಲು ಹಿಡ್ಕೊಳ್ಳುತ್ತೆ" ಅಂತ ಕೂಗುತ್ತಿದ್ದಾರೆ. ಅವರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತಿದ್ದರು. ಆದರೂ ನನಗಿಂತ ಮುಂದೆ!

ಅವತ್ತು ಮನೆಗೆ ಬಂದು ಸ್ನಾನ ಕೂಡ ಮಾಡದೆ ಫಿಟ್‌ನೆಸ್ ಆ್ಯಪ್‌ಗಳನ್ನು ಇಳಿಸಿಕೊಳ್ಳುತ್ತಾ ಕೂತೆ. ಅಲ್ಲಿಂದ ಎರಡು ತಿಂಗಳು ಅವುಗಳ ಜೊತೆ ಸಂಸಾರ ಮಾಡಿದ್ದೇನೆ. ಇವತ್ತು ಮಾರ್ಕ್ಸ್ ಕೊಡುವ ದಿನ. ಯಾರೂ ನನಗೆ ದುಡ್ಡು ಕೊಟ್ಟಿಲ್ಲ. ಡೇಟಾ ನನ್ನದು, ಮಂಡಿ ನೋವೂ ನನ್ನದೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಆ್ಯಪ್‌ನಲ್ಲಿ ಎಷ್ಟು ವ್ಯಾಯಾಮ ಇದೆ ಅಂತ ನೋಡಿ ಮಾರ್ಕ್ಸ್ ಕೊಡುತ್ತಿಲ್ಲ. ಹೊಸಬರು ಬಿಡೋದು ವ್ಯಾಯಾಮ ಕಷ್ಟ ಅಂತ ಅಲ್ಲ. ಮಂಗಳವಾರ ತಪ್ಪಿಹೋಯಿತು, ಬುಧವಾರ ಆ್ಯಪ್ ತೆರೆಯೋಕೆ ನಾಚಿಕೆ, ಗುರುವಾರದ ಹೊತ್ತಿಗೆ ಅದು ಫೋನ್‌ನಲ್ಲಿದೆ ಅನ್ನೋದೇ ಮರೆತುಹೋಗುತ್ತೆ. ಅಲ್ವಾ? ಹಾಗಾಗಿ ನನ್ನ ಪ್ರಶ್ನೆ ಒಂದೇ. ತಪ್ಪಿಸಿಕೊಂಡ ಮರುದಿನ ಈ ಆ್ಯಪ್ ನನ್ನನ್ನು ಹೇಗೆ ಬರಮಾಡಿಕೊಳ್ಳುತ್ತೆ?

ಗೂಗಲ್ ಫಿಟ್‌ನಿಂದ ಶುರು ಮಾಡೋಣ. ಉಚಿತ, ಜಾಹೀರಾತಿನ ಕಾಟ ಇಲ್ಲ. ಇಲ್ಲಿ ಹೆಜ್ಜೆಗಿಂತ ಮುಖ್ಯವಾದದ್ದು ಹಾರ್ಟ್ ಪಾಯಿಂಟ್. ಒಂದು ನಿಮಿಷ ಚುರುಕಾಗಿ ನಡೆದರೆ ಒಂದು ಪಾಯಿಂಟ್, ಓಡಿದರೆ ಎರಡು. ವಾರಕ್ಕೆ 150 ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಬೇಕು ಅನ್ನುತ್ತಲ್ಲ, ಅದೇ ಲೆಕ್ಕ. ಗುರಿ ವಾರದ್ದಾಗಿರೋದು ನನಗೆ ತುಂಬಾ ಇಷ್ಟವಾಯಿತು. ಮಂಗಳವಾರ ಹೋದರೆ ಹೋಯಿತು, ಶನಿವಾರ ಇದೆ. ಯಾರೂ ಮುಖ ಗಂಟಿಕ್ಕುವುದಿಲ್ಲ.

ಹೆಜ್ಜೆ ಅಂದೆ, ಒಂದು ಕಥೆ ನೆನಪಾಯಿತು. ದಿನಕ್ಕೆ 10,000 ಹೆಜ್ಜೆ ಅನ್ನೋದು ಯಾವ ಡಾಕ್ಟರೂ ಅಳೆದು ಹೇಳಿದ್ದಲ್ಲ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಯಿತು. ಮರುವರ್ಷ ಜಪಾನಿನ ಯಾಮಾಸಾ ಕಂಪನಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್ಪೋ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಹೆಸರೇ ಗುರಿ ಆಗಿಬಿಟ್ಟಿತು! ಆಮೇಲೆ 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ಬಂತು. ದಿನಕ್ಕೆ 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ಅಮ್ಮನಿಗೆ ಓದಿ ಹೇಳಿದೆ. "ನಾನು ಎಷ್ಟು ನಡೀತೀನಿ, ನೋಡು ಮತ್ತೆ" ಅಂದರು.

ನೋಡಿದೆ. ಅವರ ಫೋನ್‌ನಲ್ಲಿ ಬಂದದ್ದು 640 ಹೆಜ್ಜೆ.

ಬೆಳಗ್ಗೆ ಐದಕ್ಕೆ ಎದ್ದು, ರಂಗೋಲಿ ಹಾಕಿ, ಮಹಡಿ ಮೇಲೆ ಬಟ್ಟೆ ಒಣಹಾಕಿ, ಎರಡು ಸಲ ಅಂಗಡಿಗೆ ಹೋಗಿ ಬಂದ ಹೆಂಗಸಿಗೆ 640! ಕಾರಣ ಸರಳ. ಫೋನ್ ಇಡೀ ದಿನ ಫ್ರಿಜ್ ಮೇಲೆ ಕೂತಿತ್ತು. ಸೀರೆಗೆ ಜೇಬೆಲ್ಲಿ, ನೈಟಿಗೆ ಜೇಬೆಲ್ಲಿ? ಹೆಜ್ಜೆ ಎಣಿಸುವ ಆ್ಯಪ್ ಮಾಡಿದವರೆಲ್ಲ ಪ್ಯಾಂಟ್ ಹಾಕುವವರೇ ಇರಬೇಕು. ಕೊನೆಗೆ ಒಂದು ಸಣ್ಣ ಬಟ್ಟೆ ಚೀಲ ಹೊಲಿದು ಕೊಟ್ಟೆ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಮರುದಿನ 6,200. ಈಗ ಮುಖ ನೋಡಿ, ಎಷ್ಟು ಜಂಬ!

ನನ್ನದು ಉಲ್ಟಾ ಕಥೆ. ಹೆಸರು ಬೇಡ, ಇನ್ನೊಂದು ಆ್ಯಪ್. ಸ್ಕೂಟರ್‌ನಲ್ಲಿ ದೇವರಾಜ ಮಾರ್ಕೆಟ್‌ಗೆ ಹೋಗಿ ಬಂದರೆ 300 ಚಿಲ್ಲರೆ ಹೆಜ್ಜೆ ತೋರಿಸಿತು. ಫೋನ್‌ಗೆ ಗೊತ್ತಾಗೋದು ಅಲುಗಾಟ ಮಾತ್ರ. ನಡೆದದ್ದು ನಾನಲ್ಲ, ರಸ್ತೆಯ ಗುಂಡಿ.

ಗೂಗಲ್ ಫಿಟ್‌ಗೆ ಹತ್ತಕ್ಕೆ ಎಂಟು.

ಮುಂದಿನದು ಕೌಚ್ ಟು 5ಕೆ. ಇದು ಒಂದೇ ಆ್ಯಪ್ ಅಲ್ಲ, ಒಂದು ಯೋಜನೆ. ಇದನ್ನು ಇಟ್ಟುಕೊಂಡು ಹತ್ತಾರು ಆ್ಯಪ್ ಬಂದಿವೆ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬುವವರು ಬರೆದದ್ದು. ಅವರ ಮನಸ್ಸಲ್ಲಿದ್ದದ್ದು ಐವತ್ತು ದಾಟಿದ ಅವರ ಅಮ್ಮ. ಸೋಫಾ ಬಿಟ್ಟು ಏಳದವರನ್ನು ಒಂಬತ್ತು ವಾರದಲ್ಲಿ ಐದು ಕಿಲೋಮೀಟರ್ ಓಡಿಸೋದು ಹೇಗೆ? ನಮ್ಮ ಮನೆಯಲ್ಲಿ ಸೋಫಾ ಬಿಡದಿರೋದು ಅಮ್ಮ ಅಲ್ಲ, ಮಗಳು.

ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಚುರುಕು ನಡಿಗೆ. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ 20 ನಿಮಿಷ. 60 ಸೆಕೆಂಡ್ ತಾನೇ ಅಂತ ನಕ್ಕಿದ್ದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮೂರನೇ ಸಲಕ್ಕೇ ನಗು ನಿಂತುಹೋಯಿತು. ಈ ಕ್ಲಿಪ್ ನೋಡಿ, ಕಿವಿಯಲ್ಲಿ "ಈಗ ನಡೆಯಿರಿ" ಅಂತ ಇಂಗ್ಲಿಷ್‌ನಲ್ಲಿ ಹೇಳಿದ ಕೂಡಲೇ ನನ್ನ ಮುಖದಲ್ಲಿ ಎಂಥಾ ನೆಮ್ಮದಿ. ಹಿಂದೆ ಬರುತ್ತಿದ್ದ ತಾತ ಒಬ್ಬರು ಆರಾಮಾಗಿ ನನ್ನನ್ನು ದಾಟಿ ಹೋದರು. ಅವರು ನಡೆಯುತ್ತಿದ್ದರು, ನಾನು ಓಡುತ್ತಿದ್ದೆ. ಇರಲಿ.

ಎರಡನೇ ವಾರ ಚೆನ್ನಾಗಿಯೇ ಹೋಯಿತು. ಆಮೇಲೆ ಜ್ವರ. ಆಮೇಲೆ ವರಮಹಾಲಕ್ಷ್ಮಿ, ಮನೆ ತುಂಬ ನೆಂಟರು, ಹತ್ತು ದಿನ ಶೂ ಮುಟ್ಟಲಿಲ್ಲ. ಭಯದಿಂದಲೇ ಆ್ಯಪ್ ತೆರೆದೆ. ಅದು ಏನೂ ಕೇಳಲಿಲ್ಲ. ನಾನು ನಿಲ್ಲಿಸಿದ ಜಾಗದಲ್ಲೇ ನಿಂತಿತ್ತು. ಹಿಂದಿನ ವಾರವನ್ನೇ ಇನ್ನೊಮ್ಮೆ ಮಾಡಿದೆ. ಹಾಗೆ ಮಾಡುವುದು ಈ ಯೋಜನೆಯಲ್ಲಿ ತಪ್ಪೇ ಅಲ್ಲ. ಹತ್ತಕ್ಕೆ ಒಂಬತ್ತು. ಉಳಿದ ಒಂದು ಮಾರ್ಕ್ ಕನ್ನಡದಲ್ಲಿ ಮಾತಾಡುವ ದಿನಕ್ಕೆ ಇಟ್ಟಿದ್ದೇನೆ. ಅಮ್ಮ ಒಂದು ದಿನ ಇಯರ್‌ಫೋನ್ ಹಾಕಿಕೊಂಡು ಕೇಳಿ, "ಇವಳೇನೇ ಹೇಳ್ತಿದ್ದಾಳೆ, ಓಡು ಅಂತಾನೋ, ನಿಲ್ಲು ಅಂತಾನೋ?" ಅಂದರು.

ಏಳು ನಿಮಿಷದ ವ್ಯಾಯಾಮದ ಆ್ಯಪ್‌ಗಳು ನಿಮಗೂ ಗೊತ್ತಿರುತ್ತವೆ. 2013ರಲ್ಲಿ ಅಮೆರಿಕದ ಒಂದು ಫಿಟ್‌ನೆಸ್ ಪತ್ರಿಕೆಯಲ್ಲಿ ಬಂದ ಲೇಖನವೇ ಇದರ ಬೇರು. 12 ವ್ಯಾಯಾಮ, ತಲಾ 30 ಸೆಕೆಂಡ್, ನಡುವೆ 10 ಸೆಕೆಂಡ್ ವಿರಾಮ. ಕುರ್ಚಿ, ಗೋಡೆ ಇದ್ದರೆ ಸಾಕು. ಕೇಳೋಕೆ ಎಷ್ಟು ಸುಲಭ! ಆದರೆ ಏಳು ನಿಮಿಷ ಅಂದರೆ ಸುಲಭ ಅಂತ ಅಲ್ಲ, ಅಷ್ಟರಲ್ಲೇ ಜೀವ ಹಿಂಡಬೇಕು ಅಂತ. ಪುಷ್‌ಅಪ್ ಮಾಡಿ ಹಾಗೇ ಮೈ ತಿರುಗಿಸಿ ಒಂದು ಕೈ ಮೇಲೆತ್ತಬೇಕು. ಇದನ್ನು ಹೊಸಬರಿಗೆ ಅನ್ನುತ್ತಾರಾ? ಬಿಪಿ ಅಥವಾ ಹೃದಯದ ತೊಂದರೆ ಇರುವವರಿಗೆ ಪ್ಲ್ಯಾಂಕ್, ಗೋಡೆಗೊರಗಿ ಕೂರುವಂಥ ಅಲುಗಾಡದೆ ಹಿಡಿದು ನಿಲ್ಲುವ ವ್ಯಾಯಾಮ ಬೇಡ ಅಂತ ಆ ಲೇಖನದಲ್ಲೇ ಇದೆ. ಆ್ಯಪ್ ಇಳಿಸಿಕೊಳ್ಳುವವರು ಲೇಖನ ಓದಿರುವುದಿಲ್ಲವಲ್ಲ. ನಮ್ಮದು ಮೊದಲನೇ ಮಹಡಿ ಬೇರೆ. ಕೈಕಾಲು ಅಗಲಿಸಿ ಕುಪ್ಪಳಿಸುವ ಜಂಪಿಂಗ್ ಜ್ಯಾಕ್ಸ್ ಮಾಡಿದ ಎರಡನೇ ದಿನ ಕೆಳಗಿನ ಮನೆ ಆಂಟಿ ಬಂದು, "ಮೇಲೆ ಏನಾದರೂ ಕುಟ್ಟುತ್ತಿದ್ದೀರಾ?" ಅಂತ ಕೇಳಿದರು. ಐದು ಮಾರ್ಕ್ಸ್.

ಸ್ಟ್ರಾವಾ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಓಡುವವರಿಗೆ, ಸೈಕಲ್ ತುಳಿಯುವವರಿಗೆ ಅದು ಊರ ಜಗುಲಿ ಇದ್ದ ಹಾಗೆ. ನೀವು ಓಡಿದ ದಾರಿ ಮ್ಯಾಪ್‌ನಲ್ಲಿ ಬರುತ್ತೆ, ಸ್ನೇಹಿತರು ಶಭಾಷ್ ಅನ್ನುತ್ತಾರೆ. ನನ್ನ ಆಫೀಸಿನವರು 10 ಕಿಲೋಮೀಟರ್ ಓಡಿ ಹಾಕುವಾಗ ನನ್ನ 1.8 ಹಾಕೋಕೆ ಮನಸ್ಸು ಬರಲಿಲ್ಲ. ಹೊಸಬರಿಗೆ ಆರು ಮಾರ್ಕ್ಸ್. ಒಂದು ಮಾತು ಮಾತ್ರ ಮರೆಯಬೇಡಿ. ಎಲ್ಲರೂ ಓಡಿದ ದಾರಿಗಳನ್ನು ಒಟ್ಟಿಗೆ ತೋರಿಸುವ ಇದರ ಹೀಟ್‌ಮ್ಯಾಪ್‌ನಲ್ಲಿ ಸೈನಿಕರು ಓಡಿದ ದಾರಿಗಳು ಬೆಳಗಿ ಸೇನಾ ನೆಲೆಗಳೇ ಎದ್ದು ಕಂಡದ್ದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಸೈನ್ಯಕ್ಕೇ ಹೀಗಾದರೆ, ನಮ್ಮ ಮನೆ ಬಾಗಿಲು? ಓಟ ಶುರುವಾಗುವ, ಮುಗಿಯುವ ಜಾಗ ಮರೆಮಾಡುವ ಸೆಟ್ಟಿಂಗ್ ಇದೆ. ಮುಖ್ಯವಾಗಿ ಹೆಣ್ಣುಮಕ್ಕಳು ಅದನ್ನು ಮೊದಲು ಹಾಕಿಕೊಳ್ಳಿ.

ಊಟದ ಲೆಕ್ಕಕ್ಕೆ ಹೆಲ್ದಿಫೈಮಿ. 2012ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದದ್ದು. ಇಡ್ಲಿ, ಸಾಂಬಾರ್ ಎಲ್ಲ ಪರಿಚಯ ಇದೆ. ಸಾಂಬಾರನ್ನು ಸೂಪ್ ಅಂತ ಬರೆದುಕೊಳ್ಳುವ ಪಾಡಿಲ್ಲ. ಕಷ್ಟ ಬರೋದು ಅಳತೆಯಲ್ಲಿ. "ಒಂದು ಮುದ್ದೆ" ಅಂದರೆ ಎಷ್ಟು? ನಮ್ಮನೆಯಲ್ಲಿ ಕಿತ್ತಳೆ ಹಣ್ಣಿನಷ್ಟು. ಮಂಡ್ಯದ ನಮ್ಮತ್ತೆ ಮನೆಯಲ್ಲಿ ಒಂದು ಮುದ್ದೆ ಅಂದರೆ ತಟ್ಟೆಯಲ್ಲಿ ಬೇರೆ ಜಾಗ ಇರುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. ಹಾಗಾಗಿ ಮುದ್ದೆ ಎಣಿಸಬೇಡಿ, ಒಂದು ಸಲ ಹಿಟ್ಟು ತೂಗಿ ನೋಡಿಕೊಳ್ಳಿ. ಇದು ಆ್ಯಪ್‌ನ ತಪ್ಪಲ್ಲ, ಅತ್ತೆಯ ಪ್ರೀತಿಯ ತಪ್ಪು. ಏಳು ಮಾರ್ಕ್ಸ್.

ಯಾರೂ ಮಾತಾಡದ ಒಂದು ಆ್ಯಪ್ ವೈ-ಬ್ರೇಕ್. ಆಯುಷ್ ಸಚಿವಾಲಯ 2021ರ ಸೆಪ್ಟೆಂಬರ್‌ನಲ್ಲಿ ತಂದದ್ದು. ಆಫೀಸಿನಲ್ಲಿ ಐದು ನಿಮಿಷದ ಯೋಗ. ತಾಡಾಸನ, ಕಟಿ ಚಕ್ರಾಸನ, ಭುಜ ತಿರುಗಿಸೋದು, ನಾಡಿಶೋಧನ, ಭ್ರಾಮರಿ. ಚಾಪೆ ಬೇಡ, ಬಟ್ಟೆ ಬದಲಿಸೋದು ಬೇಡ. ಮಧ್ಯಾಹ್ನ ನಾಲ್ಕಕ್ಕೆ ಬೋಂಡಾ ತರಿಸುವ ಹೊತ್ತಿಗೆ ನಾವು ಮೂವರು ಮಾಡುತ್ತೇವೆ. ಆಮೇಲೆ ಬೋಂಡಾನೂ ತಿನ್ನುತ್ತೇವೆ. ಎಂಟು.

ಹೆಸರು ಹೇಳದ ಇನ್ನೊಂದಿದೆ. ತೂಕ, ಎತ್ತರ, ನಿದ್ದೆ, ಕನಸಿನ ಸೊಂಟ, ಎಲ್ಲ ಕೇಳಿ ಕೇಳಿ ಕೊನೆಗೆ "7 ದಿನ ಉಚಿತ" ಅಂದಿತು. ಕಾರ್ಡ್ ನಂಬರ್ ಕೊಟ್ಟೆ, ಮರೆತೆ. ಎಂಟನೇ ದಿನ ಒಂದು ವರ್ಷದ ದುಡ್ಡು ಹೋಯಿತು. ಹಿಂದಿನ ದಿನವೇ ಮೆಸೇಜ್ ಬಂದಿತ್ತು. ಹೀಗೆ ತಾನಾಗಿ ಹಣ ಕಡಿತ ಆಗುವ 24 ಗಂಟೆ ಮೊದಲು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ನಾನು ಅದನ್ನು ಲೋನ್ ಮೆಸೇಜ್ ಅಂದುಕೊಂಡು ಅಳಿಸಿದೆ. ದುಡ್ಡು ಹೋದ ಸಿಟ್ಟಿಗಿಂತ ಜಾಸ್ತಿ ಉರಿದದ್ದು, ಎರಡು ದಿನ ತೆರೆಯದಿದ್ದಕ್ಕೆ ಅಳುವ ಗೊಂಬೆಯ ಚಿತ್ರ ಕಳಿಸಿತಲ್ಲ, ಅದಕ್ಕೆ. ಸೊನ್ನೆ. ನೀವು ಉಚಿತ ಟ್ರಯಲ್ ತೆಗೆದುಕೊಂಡರೆ ಅವತ್ತೇ ಫೋನ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ.

ಈಗ ರಾತ್ರಿ ಒಂಬತ್ತೂವರೆ. ನಾಳೆ ಕೌಚ್ ಟು 5ಕೆ ಐದನೇ ವಾರದ ಮೂರನೇ ದಿನ. ಇಲ್ಲಿಯವರೆಗೆ ಒಂದೇ ಸಲಕ್ಕೆ ಎಂಟು ನಿಮಿಷಕ್ಕಿಂತ ಜಾಸ್ತಿ ಓಡಿಲ್ಲ. ನಾಳೆ ನಿಲ್ಲದೆ 20 ನಿಮಿಷ. ಅಮ್ಮನೂ ಕೆರೆಗೆ ಬರುತ್ತಾರಂತೆ. ಸೊಂಟದ ಚೀಲ ಆಗಲೇ ಬಾಗಿಲ ಹಿಂದೆ ನೇತುಹಾಕಿದ್ದಾರೆ. ಕ್ಯಾಮೆರಾ ಅವರ ಕೈಗೆ ಕೊಡುತ್ತೇನೆ. ನನ್ನ ಬದಲು ಬರೀ ಕೊಕ್ಕರೆ, ಬಾತುಕೋಳಿ ಕಂಡರೆ, ನಾನು ಎಲ್ಲೋ ಕೂತಿದ್ದೇನೆ ಅಂತ ಅರ್ಥ ಮಾಡಿಕೊಳ್ಳಿ.