ಚಪ್ಪಾಳೆ ಬಿದ್ದ ಜಾಗದಲ್ಲಿ ಒಂದು ಗೆರೆ
(ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಭಾಷಣ ಮಾಡೋದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಇವತ್ತು ನಾವು ಭಾಷಣ ಕೇಳೋದನ್ನು ಕಲಿಯೋಣ. ನಮ್ಮ ಕಡೆ ಭಾಷಣಕ್ಕೆ ಬರವಿಲ್ಲ. ಚುನಾವಣೆ, ಜಾತ್ರೆ, ಕಾಲುವೆ ನೀರಿನ ಧರಣಿ, ಎಲ್ಲಿ ಹೋದರೂ ಮೈಕ್ ಇದ್ದೇ ಇರುತ್ತದೆ. ಕೇಳಿ ಬಂದವರು "ಏನ್ ಮಾತಾಡಿದ್ರು!" ಅನ್ನುತ್ತಾರೆ. ಏನು ಹೇಳಿದರು ಅಂತ ಕೇಳಿದರೆ ತಡವರಿಸುತ್ತಾರೆ.

ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಇದನ್ನು ಬಿಡಿಸಿ ನೋಡಿದ. ಮಾತು ಮೂರು ದಾರಿಯಲ್ಲಿ ನಮ್ಮನ್ನು ಒಪ್ಪಿಸುತ್ತದೆ ಎಂದ. ಮಾತಾಡುವವರ ಮೇಲೆ ನಮಗೆ ಹುಟ್ಟುವ ನಂಬಿಕೆ ಈಥೋಸ್. ನಮ್ಮೊಳಗೆ ಏಳುವ ಸಿಟ್ಟು, ಭಯ, ಕರುಣೆ ಪೇಥೋಸ್. ಮಾತಿನಲ್ಲಿರುವ ಕಾರಣ, ಆಧಾರ ಲೋಗೋಸ್. ಪರೀಕ್ಷೆಗೆ ಈ ಹೆಸರುಗಳು ಬೇಕು. ಸಭೆಯಲ್ಲಿ ಕೂತಾಗ ಹೆಸರು ಮರೆತರೂ ನಡೆಯುತ್ತದೆ.

ಉದಾಹರಣೆಗೆ ದೂರ ಹೋಗೋದು ಬೇಡ. ಇಲ್ಲೇ ಗವಿಮಠದ ಬೆಟ್ಟದಲ್ಲಿ, ಆಚೆ ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ ಇದೆ. ಅದೇ ಸಂದೇಶ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದೆ, ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲೂ ಇದೆ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ ಅಂತ ಇತಿಹಾಸದ ಪಾಠದಲ್ಲಿ ಓದಿದ್ದೀರಿ. ಅಲ್ಲಿ ಮಾತು ಶುರುವಾಗುವ ರೀತಿಯನ್ನು ಮಾತ್ರ ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಮೊದಲು ಅಷ್ಟೊಂದು ಶ್ರದ್ಧೆ ಇರಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಗಟ್ಟಿಯಾಗಿ ಪ್ರಯತ್ನಪಟ್ಟೆ ಎನ್ನುತ್ತಾನೆ. ಆಮೇಲೆ, ಇದು ದೊಡ್ಡವರಿಗೆ ಮಾತ್ರ ಸಾಧ್ಯ ಅಂದುಕೊಳ್ಳಬೇಡಿ, ಸಣ್ಣವರೂ ಸಾಧಿಸಬಹುದು ಎನ್ನುತ್ತಾನೆ.

ಅವನು ಚಕ್ರವರ್ತಿ. ಸುಮ್ನೆ ಆಜ್ಞೆ ಹೊರಡಿಸಿದ್ದರೆ ಸಾಕಿತ್ತು. ದೇವಾನಾಂಪ್ರಿಯ ಎಂಬ ಬಿರುದೂ ಜೊತೆಗೇ ಇತ್ತು. ಆದರೂ ತನ್ನ ಕೊರತೆಯನ್ನು ಮೊದಲು ಹೇಳಿಕೊಳ್ಳುತ್ತಾನೆ. ಕೇಳುವವನಿಗೆ "ಇವನೂ ನಮ್ಮಂತೆಯೇ" ಅನಿಸುತ್ತದೆ. ಮೊದಲೇ ಇರುವ ಹೆಸರಿಗಿಂತ ಆಡುವ ಮಾತಿನಲ್ಲೇ ಹುಟ್ಟುವ ನಂಬಿಕೆ ಮುಖ್ಯ ಅಂತ ಅರಿಸ್ಟಾಟಲ್ ಹೇಳಿದ್ದು ಇದನ್ನೇ. ಆದರೆ ಆಧಾರ ಹುಡುಕಿದರೆ? ಅವನ ಸ್ವಂತ ಅನುಭವ ಒಂದೇ. ಆ ಬಂಡೆಯ ಮೇಲಿನ ಮಾತು ನಿಂತಿರೋದು ಬಹುಪಾಲು ನಂಬಿಕೆಯ ಮೇಲೆ.

ಈಗ ನಮ್ಮ ಕಾಲಕ್ಕೆ ಬರೋಣ. ಈ ಭಾಷಣ ಯಾರದೂ ಅಲ್ಲ, ಇವತ್ತಿಗಾಗಿ ನಾನೇ ಬರೆದದ್ದು. ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಸಭೆ ಅಂದುಕೊಳ್ಳಿ.

"ಅಣ್ಣಾರೆ, ಅಕ್ಕಾರೆ, ನಾನೂ ರೈತನ ಮಗ. ನಿಮ್ಮಂಗ ಕಾಲುವಿ ದಂಡಿ ಮ್ಯಾಲೆ ರಾತ್ರಿಯೆಲ್ಲ ನೀರು ಕಾಯ್ದೀನಿ. ನೆಲ್ಲು ತೆನಿ ಕಟ್ಟೋ ಹೊತ್ತಿನ್ಯಾಗ ನೀರು ನಿಂತ್ರ ಹೊಟ್ಟಿ ಉರಿಯೋದು ಯಾರಿಗೆ? 133 ಟಿಎಂಸಿ ಇದ್ದ ಡ್ಯಾಮು ಹೂಳು ತುಂಬಿ 105ಕ್ಕೆ ಇಳಿದೈತಿ. ಹೂಳು ತೆಗೆಸಿದ್ರ ನಿಮ್ಮ ಹೊಲಕ್ಕ ನೀರು ಬರ್ತೈತಿ!"

ಚಪ್ಪಾಳೆ ಬಿದ್ದೇ ಬೀಳುತ್ತದೆ. ಒಂದೊಂದೇ ವಾಕ್ಯ ನೋಡೋಣ. ಮೊದಲೆರಡು ನಂಬಿಕೆ ಗಳಿಸುವ ಮಾತು. ರಾತ್ರಿ ನೀರು ಕಾಯುವ ಕಷ್ಟ ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಅದು ನಿಜವೇ ಇರಬಹುದು. ಆದರೆ ರೈತನ ಮಗ ಆದ ಮಾತ್ರಕ್ಕೆ ಹೂಳಿನ ಲೆಕ್ಕ ಸರಿಯಾಗುವುದಿಲ್ಲ.

ಮೂರನೆಯದು ಹೊಟ್ಟೆಗೆ ತಾಗುವ ಮಾತು. ಭಾವನೆ ಬಂತು ಅಂದ ಕೂಡಲೇ ಮೋಸ ಅಂತ ದಯವಿಟ್ಟು ತೀರ್ಮಾನಿಸಬೇಡಿ. ವರ್ಷದ ದುಡಿಮೆ ಕಣ್ಣೆದುರೇ ಒಣಗುವಾಗ ಸಿಟ್ಟು ಬರಲೇಬೇಕು. ಆ ಸಿಟ್ಟಿಗೆ ಕಾರಣ ಇದೆ. ಅದನ್ನು ಯಾವ ಕಡೆ ತಿರುಗಿಸುತ್ತಿದ್ದಾರೆ ಅನ್ನೋದನ್ನು ನೋಡಬೇಕು.

ನಾಲ್ಕನೆಯದು ಅಂಕಿ. ಅದು ಹೆಚ್ಚುಕಡಿಮೆ ಸರಿ. ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105. ಕಷ್ಟ ಇರೋದು ಕೊನೆಯ ವಾಕ್ಯದಲ್ಲಿ. ಡ್ಯಾಮಿನಲ್ಲಿ ನೀರು ಹೆಚ್ಚಾದರೆ ಅದು ಕೊನೆ ಭಾಗಕ್ಕೆ ಮುಟ್ಟಿಯೇ ಮುಟ್ಟುತ್ತದೆಯೇ? ಮೇಲ್ಭಾಗದಲ್ಲಿ ಕಾಲುವೆಗೆ ಅಕ್ರಮವಾಗಿ ಪಂಪ್‌ಸೆಟ್ ಇಟ್ಟು ನೀರೆತ್ತುವುದು, ಕಡಿಮೆ ನೀರಿನ ಬೆಳೆಗೆಂದು ಗುರುತಿಸಿದ ಜಮೀನಿನಲ್ಲಿ ನೆಲ್ಲು ಹಾಕುವುದು, ಇವೆರಡೂ ಆ ಭಾಷಣದಲ್ಲಿ ಇಲ್ಲವೇ ಇಲ್ಲ. ಹೂಳನ್ನು ಬೈದರೆ ಯಾರಿಗೂ ನೋವಾಗುವುದಿಲ್ಲ. ಬೆಳೆ ಪದ್ಧತಿ ಮಾತೆತ್ತಿದರೆ ಮುನಿಸು ಕಟ್ಟಿಟ್ಟ ಬುತ್ತಿ. ಎದುರಿಗೆ ಕೂತವರಲ್ಲೂ ನೆಲ್ಲು ಹಾಕಿದವರು ಇರುತ್ತಾರೆ.

ಸರಿಯಾದ ಅಂಕಿಯ ಬೆನ್ನಿಗೇ ಬಂದ ಅರೆಬರೆ ತೀರ್ಮಾನವೂ ಸರಿ ಅನಿಸಿಬಿಡುತ್ತದೆ. ಅದಕ್ಕೇ ನಿಮಗೆ ಒಂದು ಕೆಲಸ ಹೇಳುತ್ತೇನೆ. ಭಾಷಣವನ್ನು ಬರೆದುಕೊಂಡು, ಚಪ್ಪಾಳೆ ಬಿದ್ದ ಕಡೆ, ನಿಮ್ಮದೇ ಕಣ್ಣು ತುಂಬಿದ ಕಡೆ ಪೆನ್ನಿನಿಂದ ಗೆರೆ ಹಾಕಿ. ಆಮೇಲೆ ಆ ಗೆರೆಯ ಹಿಂದುಮುಂದಿನ ವಾಕ್ಯ ಓದಿ. ಮನಸ್ಸು ತುಂಬಿದ ಆ ಗಳಿಗೆಯಲ್ಲೇ ಸಾಬೀತು ಮಾಡದ ಒಂದು ಮಾತು ಒಳಗೆ ಬಂದಿರುತ್ತದೆ, ಜಾಸ್ತಿ ಸಲ.

ಕೆಲವು ಮಾತುಗಳು ಬಾಯಿಗೇ ಬರುವುದಿಲ್ಲ, ಆದರೂ ಕೆಲಸ ಮಾಡುತ್ತವೆ. 1999ರ ಲೋಕಸಭೆ ಚುನಾವಣೆಯಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾಗಿದ್ದರು. ಸುಷ್ಮಾ ಕಡಿಮೆ ಸಮಯದಲ್ಲೇ ಕನ್ನಡ ಕಲಿತು ವೇದಿಕೆಯಲ್ಲಿ ಮಾತಾಡಿದರು. ಸೋನಿಯಾ ಅವರ ಬೆನ್ನಿಗೆ ಇಂದಿರಾ ಗಾಂಧಿಯವರ ನೆನಪು ಇತ್ತು. ಎರಡೂ ನಂಬಿಕೆಯ ಬಂಡವಾಳವೇ. ಸುಷ್ಮಾ ಅವರ ಕಡೆಯಿಂದ ಸ್ವದೇಶಿ ಮಗಳು, ವಿದೇಶಿ ಸೊಸೆ ಎಂಬ ಪ್ರಚಾರ ನಡೆಯಿತು. ಅದರೊಳಗೆ ಹೇಳದೆ ಬಿಟ್ಟದ್ದು ಒಂದಿದೆ: ಸೊಸೆ ಹೊರಗಿನವಳು. ಕೇಳುತ್ತಾ ನಿಂತ ಹೆಂಗಸರಲ್ಲಿ ಎಷ್ಟೋ ಜನ ಬೇರೆ ಊರಿಂದ ಸೊಸೆಯಾಗಿ ಬಂದವರೇ, ಅಲ್ವಾ? ಗೆದ್ದದ್ದು ಸೋನಿಯಾ, ಸುಮಾರು 56 ಸಾವಿರ ಮತಗಳ ಅಂತರದಿಂದ. ಅದಕ್ಕೆ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಚುನಾವಣೆಗೆ ನೂರೆಂಟು ಕಾರಣ. ಹೇಳದೆ ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿ ನೋಡಿದರೆ ಮಾತಿನ ಬಲ ಎಷ್ಟು ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಸರದಿ. ನಮಗೆ ಒಪ್ಪದ ಭಾಷಣದಲ್ಲಿ ತಪ್ಪು ಹುಡುಕೋದು ಸುಲಭ, ಹಾಗಾಗಿ ನಾವೆಲ್ಲ ಒಪ್ಪುವ ವಿಷಯ ಕೊಡುತ್ತೇನೆ. ರಾಯಚೂರಿಗೆ ಏಮ್ಸ್ ಬೇಕು ಎಂಬ ಬೇಡಿಕೆ. ನಾನೂ ಅದರ ಪರ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಬಂದ ನಂಜುಂಡಪ್ಪ ಸಮಿತಿ ವರದಿ, ರಾಯಚೂರು ಕೇಳಿದರೂ ಧಾರವಾಡಕ್ಕೆ ಹೋದ ಐಐಟಿ, ಹೈದರಾಬಾದಿಗೆ ಆಂಬುಲೆನ್ಸಿನಲ್ಲಿ ಹೊರಟ ಒಬ್ಬ ರೋಗಿ, ಈ ಮೂರನ್ನೂ ಸೇರಿಸಿ ಐದು ವಾಕ್ಯದ ಭಾಷಣ ಬರೆಯಿರಿ. ಬರೆದದ್ದನ್ನು ಪಕ್ಕದವರಿಗೆ ಕೊಡಿ, ಗೆರೆ ಅವರು ಹಾಕಲಿ. ಇಪ್ಪತ್ತು ನಿಮಿಷ ಇದೆ.