ಹಿಡಿಸಲಿಲ್ಲ ಅಂದರೆ ಸಾಕಲ್ವಾ?

ಕೇಳುಗರಿಗೆ ನಮಸ್ಕಾರ.

ಧಾರಾವಾಹಿ ನೋಡುವವರಿಗೆ ತಲೆ ಇಲ್ಲ. ಕಂಪನಿ ನಾಟಕ ನಾಟಕವೇ ಅಲ್ಲ. ಸಿನಿಮಾ ಹಾಡು ಸಂಗೀತವೇ ಅಲ್ಲ. ಹೀಗೆ ತೀರ್ಪು ಕೊಡುವವರು ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಈಗ ಪಕ್ಕದಲ್ಲೇ ಕೂತಿದ್ದರೆ ರೇಡಿಯೋ ಸದ್ದು ಸ್ವಲ್ಪ ಜಾಸ್ತಿ ಮಾಡಿ. ಅವರಿಗೆ ನಾನು ಹೇಳುವುದು ಒಂದೇ ಮಾತು. ಹಿಡಿಸಲಿಲ್ಲವಾ? ಹಿಡಿಸಲಿಲ್ಲ ಅನ್ನಿ. ಅಲ್ಲಿಗೆ ನಿಲ್ಲಿಸಿ.

ಇದೇ ಆಕಾಶವಾಣಿಯಲ್ಲಿ ನಡೆದ ಕತೆ ಕೇಳಿ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಶಾಸ್ತ್ರೀಯ ಸಂಗೀತ ಅಂದರೆ ಅವರಿಗೆ ಪ್ರಾಣ. ಅದಕ್ಕಾಗಿ ಒಳ್ಳೊಳ್ಳೆ ಕೆಲಸವನ್ನೂ ಮಾಡಿದರು. ಆದರೆ ಸಿನಿಮಾ ಹಾಡು ಕೇಳಿದರೆ ಮೈಯೆಲ್ಲ ಉರಿ. ತಮಗೆ ಆಗುವುದಿಲ್ಲ ಅಂತ ಸುಮ್ಮನಿದ್ದರೆ ಮುಗಿದಿತ್ತು. ಇಲ್ಲ, ದೇಶವೇ ಕೇಳಬಾರದು! ಹಾಡಿನ ಹೊತ್ತಿಗೆ ಕತ್ತರಿ ಬಿತ್ತು. ಸಿನಿಮಾದ ಹೆಸರು ಹೇಳಿದರೆ ಜಾಹೀರಾತಾಗುತ್ತದೆ, ಹೇಳಬೇಡಿ ಅಂದರು. ನಿರ್ಮಾಪಕರೂ ಕೆರಳಿದರು, ಹಾಡು ಹಾಕುವ ಅನುಮತಿಯನ್ನೇ ವಾಪಸ್ ತಗೊಂಡರು. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಹೆಚ್ಚೂಕಡಿಮೆ ಮಾಯ.

ಜನ ಏನು ಮಾಡಿದರು ಗೊತ್ತಾ? ಮೆರವಣಿಗೆ ಇಲ್ಲ, ಘೋಷಣೆ ಇಲ್ಲ. ರೇಡಿಯೋದ ಮುಳ್ಳು ತಿರುಗಿಸಿದರು. ಕೊಲಂಬೊದಲ್ಲಿ ರೇಡಿಯೋ ಸಿಲೋನ್ ಇತ್ತು. ಅದೇ 1952ರ ಡಿಸೆಂಬರಿನಲ್ಲಿ ಅಲ್ಲಿಂದ ಬಿನಾಕಾ ಗೀತ್‌ಮಾಲಾ ಶುರುವಾಯಿತು, ಹಿಂದಿ ಸಿನಿಮಾ ಹಾಡುಗಳನ್ನು ಸ್ಥಾನ ಕೊಟ್ಟು ಕೇಳಿಸುವ ವಾರದ ಕಾರ್ಯಕ್ರಮ. ಅಮೀನ್ ಸಯಾನಿಯವರ ದನಿ. ಮುಂಬಯಿಯಲ್ಲಿ ರೆಕಾರ್ಡ್ ಆಗಿ, ಕಡಲು ದಾಟಿ, ಗಾಳಿಯಲ್ಲಿ ವಾಪಸ್ ನಮ್ಮ ಮನೆಗೇ ಬರುತ್ತಿತ್ತು!

ನಾನು ಹುಡುಗನಾಗಿದ್ದಾಗಲೂ ಅದರ ಭರಾಟೆ ಕಮ್ಮಿಯಾಗಿರಲಿಲ್ಲ. ಬುಧವಾರ ರಾತ್ರಿ ಎಂಟಾದರೆ ನಮ್ಮೂರ ಹೋಟೆಲಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹೋಟೆಲಿನವರು ಗಲ್ಲಾ ಬಿಟ್ಟು ಬಂದು, ಉಸಿರು ಬಿಗಿಹಿಡಿದು ಮುಳ್ಳನ್ನು ಒಂದು ಕೂದಲೆಳೆ ಆಚೆ, ಒಂದು ಕೂದಲೆಳೆ ಈಚೆ ಸರಿಸುತ್ತಿದ್ದರು. ಗೊರ್ ಗೊರ್ ಸದ್ದಿನ ನಡುವೆ ಹಾಡು ತೇಲಿ ಬರುವುದು, ಮುಳುಗುವುದು, ಮತ್ತೆ ಬರುವುದು. ಈ ವಾರ ಯಾವ ಹಾಡು ಎಷ್ಟನೇ ಮೆಟ್ಟಿಲಲ್ಲಿದೆ ಅಂತ ಜಗಳ. ಕೊನೆಗೆ ಕಹಳೆ ಮೊಳಗಿ ಮೊದಲ ಸ್ಥಾನದ ಹಾಡು ಬರುವ ಹೊತ್ತಿಗೆ ಲೋಟದ ಚಹಾ ಆರಿ ನೀರಾಗಿರುತ್ತಿತ್ತು. ಅರ್ಧ ಜನಕ್ಕೆ ಹಿಂದಿ ಬರುತ್ತಿರಲಿಲ್ಲ. ಆದರೂ ಅವರಿಗೆ ರುಚಿ ಇರಲಿಲ್ಲ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ.

ಕೊನೆಗೆ ಸರ್ಕಾರವೇ ದಾರಿಗೆ ಬಂತು. 1957ರ ಅಕ್ಟೋಬರ್ 3ರಂದು ಆಕಾಶವಾಣಿಯದೇ ಮನರಂಜನೆಯ ವಾಹಿನಿ ವಿವಿಧ ಭಾರತಿ ಶುರುವಾಯಿತು. ಆಗಲೂ ಮಂತ್ರಿ ಯಾರು? ಅದೇ ಕೇಸ್ಕರ್! ಬೇಡವೆಂದ ಹಾಡುಗಳಿಗೇ ಒಂದು ಮನೆ ಕಟ್ಟಿಕೊಡಬೇಕಾಯಿತು. ಅದಕ್ಕೇ ಹೇಳಿದ್ದು, ಹಿಡಿಸಲಿಲ್ಲ ಅಂದರೆ ಸಾಕಿತ್ತು.

ಹಾರ್ಮೋನಿಯಂ ಕತೆ ಇನ್ನೂ ದೊಡ್ಡದು, ಚುಟುಕಾಗಿ ಹೇಳಿಬಿಡುತ್ತೇನೆ. ಅದರಲ್ಲಿ ನಮ್ಮ ಸಂಗೀತ ಹುಟ್ಟುವುದೇ ಇಲ್ಲ ಅಂತ 1940ರಲ್ಲಿ ರೇಡಿಯೋದಿಂದ ಹೊರಗೆ ಹಾಕಿದರು. ಮತ್ತೆ ಒಳಗೆ ಬಿಡಲು ಮೂವತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ನಮ್ಮ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ಮಾಸ್ತರು ಸುರ ಹಿಡಿದ ಮೇಲೇ ರಾಜ ರಂಗಕ್ಕೆ ಬರುತ್ತಿದ್ದ.

ಆ ಕಂಪನಿ ನಾಟಕವನ್ನು ಹಗುರವಾಗಿ ಕಾಣುವವರು ಒಂದು ನೆನಪಿಟ್ಟುಕೊಳ್ಳಿ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿ ಹಾಡಿದ್ದು ನಾಟಕ ಕಂಪನಿಯಲ್ಲಿ. ರಾಜ್‌ಕುಮಾರ್ ಬಂದದ್ದು ಗುಬ್ಬಿ ಕಂಪನಿಯಿಂದ. ಇನ್ನೂ ಹೆಸರು ಬೇಕಾ?

ಸ್ಟುಡಿಯೋದ ಗಾಜಿನಾಚೆ ಕೈ ಬೀಸುತ್ತಿದ್ದಾರೆ, ಸಮಯವಾಯಿತಂತೆ. ಟಿವಿ ಧಾರಾವಾಹಿಗಳ ವಿಷಯ ಬಾಕಿಯೇ ಉಳಿಯಿತು. ನನಗೂ ಅವು ಹಿಡಿಸುವುದಿಲ್ಲ, ಅದು ಬೇರೆ ಮಾತು. ನಮಸ್ಕಾರ.